ಎದುರು ಕಂಪನಿ ಇಲ್ಲದ ರೇಸು

ಅವರ ಬಲಗೈ ಹೆಬ್ಬೆರಳ ಉಗುರಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ಸೀಗೆಪುಡಿ ಹಾಕಿ ಉಜ್ಜಿದರೂ, ನಮ್ಮಮ್ಮ ಕೊಟ್ಟ ನಿಂಬೆಹೋಳಿನಲ್ಲಿ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ನಿಂತಿದ್ದು ಬಸ್ಸೇ ಆಗಲಿ, ಲಾರಿಯೇ ಆಗಲಿ, ಅಮಲ್ದಾರರ ಜೀಪೇ ಆಗಲಿ, ಅವರು ಬಗ್ಗಿ ಟೈರಿನ ಗೀರುಗಳ ನಡುವೆ ಆ ಹೆಬ್ಬೆರಳು ತೂರಿಸಿ ಎಷ್ಟು ಸವೆದಿದೆ ಎಂದು ನೋಡಬೇಕು. ನೋಡದೆ ಮುಂದೆ ಹೋಗುವುದು ಅವರಿಂದ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಹಾಗೆ ಮಾಡಿ ರಬ್ಬರು ಚರ್ಮದೊಳಕ್ಕೇ ಇಳಿದುಬಿಟ್ಟಿತ್ತು. ಊಟಕ್ಕೆ ಕೂತಾಗ ಬಿಳಿ ಅನ್ನದ ಮೇಲೆ ಆ ಕಪ್ಪು ಉಗುರು ಎದ್ದು ಕಾಣುತ್ತಿತ್ತು. ಹೊಸದಾಗಿ ಊಟಕ್ಕೆ ಬಂದವರು ಅದನ್ನು ನೋಡಿ ಸ್ವಲ್ಪ ದೂರ ಸರಿದು ಕೂರುತ್ತಿದ್ದರು. ಅವರಿಗದು ಗೊತ್ತಾಗುತ್ತಿತ್ತು. ಅದಕ್ಕೇ ಇರಬೇಕು, ಯಾವಾಗಲೂ ಗೋಡೆಯ ಪಕ್ಕದ ಕೊನೆಯ ಮಣೆಯನ್ನೇ ಹಿಡಿಯುತ್ತಿದ್ದರು.

ಊರಿಗೆಲ್ಲ ಅವರು ಟೈರ್ ಏಜೆಂಟರು. ಇಂಗ್ಲಿಷರ ಕಾಲದಿಂದ ಇದ್ದ ಒಂದು ದೊಡ್ಡ ಟೈರ್ ಕಂಪನಿಗೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮಾರಾಟ ನೋಡಿಕೊಳ್ಳುತ್ತಿದ್ದರು. ವಾಸ ಬಸ್ ಸ್ಟ್ಯಾಂಡಿನ ಹಿಂದಿನ ಲಾಡ್ಜಿನ ಮಹಡಿಯ ಒಂದು ರೂಮು. ಎರಡು ಹೊತ್ತಿನ ಊಟ ನಮ್ಮ ಮೆಸ್ಸಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನೆಯ ಮುಂದಿನ ಪಡಸಾಲೆಯಲ್ಲೇ ಮೆಸ್ಸು ನಡೆಸುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಅಮ್ಮ ಒಮ್ಮೆ ನೇರವಾಗಿಯೇ ಕೇಳಿದ್ದಳು.

"ನಮ್ಮ ತಾಯಿ ಹಾಸಿಗೆ ಹಿಡಿದಿದ್ರು ಕಣಮ್ಮ. ನೋಡ್ಕೊಳ್ಳೋರು ಬೇಕಿತ್ತು. ಅವ್ರು ಹೋಗೋ ಹೊತ್ಗೆ ನಂದೂ ಹೊತ್ತೋಗಿತ್ತು" ಎಂದು ಮಜ್ಜಿಗೆಗೆ ಕೈ ಒಡ್ಡಿದರು. ಆ ಮಾತು ಅಲ್ಲಿಗೇ ಮುಗಿಯಿತು.

ಅವರನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಐವತ್ತರ ದಶಕದ ನಡುವೆ, ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಬಿದ್ದಿದ್ದಾಗ. ನನಗಾಗ ಇಪ್ಪತ್ತೆರಡೋ ಇಪ್ಪತ್ಮೂರೋ. ನಾನು ಅಡುಗೆಮನೆ ಬಾಗಿಲಿಗೆ ಬಂದರೆ ಪಡಸಾಲೆಯ ಮಾತು ತಟ್ಟನೆ ನಿಲ್ಲುತ್ತಿತ್ತು. ಬೀದಿಯ ಹೆಂಗಸರು ನನ್ನೊಂದಿಗೆ ಕಾಯಿಲೆಯವರ ಹತ್ತಿರ ಮಾತಾಡುವಂತೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಸುಮಾರು ಒಂದು ವರ್ಷ ನಾನು ಯಾರ ಬಾಯಲ್ಲೂ ಗಟ್ಟಿ ದನಿ ಕೇಳಲಿಲ್ಲ.

ಒಂದು ಸಂಜೆ ಈ ಏಜೆಂಟರು ಕೈ ತೊಳೆದು, ಕಂಕುಳಲ್ಲಿದ್ದ ಇಂಗ್ಲಿಷ್ ಪತ್ರಿಕೆ ತೆಗೆದು ನನ್ನತ್ತ ಚಾಚಿದರು.

"ಅಮ್ಮಣ್ಣಿ, ಎಸ್ಸೆಲ್ಸಿ ಪಾಸು ಅಂತಲ್ಲ ನೀವು? ಇದ್ರಲ್ಲಿ ಏನೋ ಬರ್ದವ್ನೆ. ನನ್ನ ಇಂಗ್ಲಿಷು ರೇಟು ಹೇಳೋಕೆ ಮಾತ್ರ ಸಾಕು. ಸ್ವಲ್ಪ ಓದಿ ಹೇಳಿ."

ದನಿ ತಗ್ಗಿಸದೆ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ್ನು ಕೇಳುವ ಹಾಗೆ ಕೇಳಿದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸೌಟು ಹಿಡಿದೇ "ಓದೇ, ಅದ್ಕೇನಂತೆ" ಅಂದಳು. ಜರ್ಮನಿಯಲ್ಲಿ ನಡೆದ ಒಂದು ಕಾರ್ ರೇಸಿನ ಸುದ್ದಿ ಅದು. ಅರ್ಧ ನನಗೂ ಅರ್ಥವಾಗಲಿಲ್ಲ. ಆದರೂ ಓದಿ, ಗೊತ್ತಾದಷ್ಟು ಕನ್ನಡದಲ್ಲಿ ಹೇಳಿದೆ. ಮಾರನೆಯ ದಿನ ಇನ್ನೊಂದು ಪತ್ರಿಕೆ ತಂದರು. ಆಮೇಲೆ ಅದೇ ರೂಢಿಯಾಯಿತು.

ಟೈರ್ ಮಾರುವವರಿಗೆ ಸಮುದ್ರದಾಚೆಯ ರೇಸು ಯಾಕೆ ಎಂದು ನಿಮಗೂ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಅವರು ವಿವರಿಸಿದ್ದು ಹೀಗೆ. ಅಲ್ಲಿ ಕಾರು ಮಾಡುವವರೇ ಬೇರೆ, ಟೈರು ಕೊಡುವವರೇ ಬೇರೆ. ಒಂದೊಂದು ಟೈರ್ ಕಂಪನಿ ಒಂದೊಂದು ತಂಡವನ್ನು ಹಿಡಿದುಕೊಂಡಿರುತ್ತದೆ. ಕಾರುಗಳು ಒಂದರ ಹಿಂದೆ ಒಂದು ಓಡುವಾಗ ಕಾಣದ ಹಾಗೆ ಟೈರ್ ಕಂಪನಿಗಳೂ ಓಡುತ್ತಿರುತ್ತವೆ. ರಬ್ಬರು ಮೆತ್ತಗಿದ್ದರೆ ರಸ್ತೆಯನ್ನು ಚೆನ್ನಾಗಿ ಕಚ್ಚುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿಯಿದ್ದರೆ ಬಾಳಿಕೆ ಬರುತ್ತದೆ, ಆದರೆ ತಿರುವಿನಲ್ಲಿ ಜಾರುತ್ತದೆ. ಎಷ್ಟು ಮೆತ್ತಗೆ, ಎಷ್ಟು ಗಟ್ಟಿ ಎನ್ನುವುದರಲ್ಲೇ ಅವರ ಪೈಪೋಟಿ.

"ಥೇಟ್ ನಿಮ್ಮಮ್ಮನ ಮುದ್ದೆ ಥರ. ಒಂಚೂರು ನೀರು ಹೆಚ್ಚಾಗ್ಲಿ, ಕೈಗೆ ಅಂಟ್ಕೊಳ್ತದೆ" ಅಂದರು. ಅಮ್ಮ ಒಳಗಿಂದಲೇ "ನನ್ನ ಮುದ್ದೇಲಿ ಯಾವತ್ತು ನೀರು ಹೆಚ್ಚಾಗಿತ್ತು ಹೇಳಿ?" ಎಂದು ಗದರಿದಳು.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಮಾತಿತ್ತು. "ಇಡೀ ಕಾರಲ್ಲಿ ನೆಲ ಮುಟ್ಟೋದು ಟೈರೊಂದೇ ಸ್ವಾಮಿ. ಮಿಕ್ಕಿದ್ದೆಲ್ಲ ಗಾಳೀಲಿರೋದು." ಬಸ್ ಮಾಲೀಕರ ಹತ್ತಿರ, ಲಾರಿ ಡ್ರೈವರುಗಳ ಹತ್ತಿರ, ಅಂಚೆಯವನ ಹತ್ತಿರ ಕೂಡ ಹೇಳುತ್ತಿದ್ದರು. ಕೇಳಿದವರು ತಲೆಯಾಡಿಸಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಕುಣಿಗಲಿನಲ್ಲಂತೂ ಇನ್ನೂ ಕಷ್ಟ. ಅಲ್ಲಿ ರೇಸು ಎಂದರೆ ಕುದುರೆ. ಕುದುರೆ ಫಾರಮ್ಮಿನ ಒಬ್ಬ ಕಾವಲುಗಾರ ಇವರ ಮಾತನ್ನೆಲ್ಲ ಕೇಳಿ, "ಅಲ್ಲ ಸ್ವಾಮಿ, ಕುದ್ರೆ ಗೆದ್ರೆ ಲಾಳ ಯಾರ್ದು ಅಂತ ಯಾರಾದ್ರೂ ಕೇಳ್ತಾರಾ?" ಅಂದನಂತೆ. ಅದನ್ನು ನಮಗೆ ಹೇಳುವಾಗ ಏಜೆಂಟರಿಗೆ ನಗು ಬರಲಿಲ್ಲ. "ಕೇಳ್ಬೇಕು. ಕೇಳಲ್ಲ ಜನ, ಆದ್ರೆ ಕೇಳ್ಬೇಕು" ಅಂದರು.

ನಮ್ಮ ತುಮಕೂರಿನಲ್ಲಿ ಅದನ್ನು ಕೇಳುವ ಮನುಷ್ಯ ಒಬ್ಬರೇ ಇದ್ದರು. ಅವರು ಎದುರು ಕಂಪನಿಯವರು.

ಎದುರು ಕಂಪನಿಯವರು ಹುಬ್ಬಳ್ಳಿ ಕಡೆಯವರು. ದಪ್ಪ ಮೈ, ಬಾಯಿ ತುಂಬ ಎಲೆಅಡಿಕೆ, ದೊಡ್ಡ ನಗು. ಹೊರದೇಶದಿಂದ ಹಡಗಿನಲ್ಲಿ ಬರುವ ಬೇರೊಂದು ಕಂಪನಿಯ ಟೈರು ಅವರದು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ಅದೇ ಲಾಡ್ಜಿನಲ್ಲಿ ಇಳಿದಿದ್ದರು, ನಮ್ಮಲ್ಲೇ ಊಟ. ಹಗಲೆಲ್ಲ ಇವರಿಬ್ಬರೂ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಿತ್ತುಕೊಳ್ಳಲು ಗುಬ್ಬಿಯಿಂದ ಮಾರ್ಕೋನಹಳ್ಳಿವರೆಗೆ ಅಲೆಯುತ್ತಿದ್ದರು. ಸಂಜೆ ಅಕ್ಕಪಕ್ಕದ ಮಣೆಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದರು. ಆ ಕಪ್ಪು ಉಗುರಿನಿಂದ ದೂರ ಸರಿಯದೆ ಕೂತವರು ಅವರೊಬ್ಬರೇ. ಅವರ ಉಗುರೂ ಹಾಗೇ ಇತ್ತು.

ನಾನು ಓದಿ ಹೇಳುವುದು, ಅವರಿಬ್ಬರೂ ಜಗಳ ತೆಗೆಯುವುದು.

"ಕೇಳಿದ್ರೇನ್ರೀ? ಇಟಲಿಯೊಳಗ ನಮ್ಮ ಟೈರ್ ಫಸ್ಟ್!"

"ನಮ್ಮೋನ ಇಂಜಿನ್ನು ಕೈ ಕೊಡ್ತು, ಅದ್ಕೆ. ಟೈರೇನು ಸವೆದಿರ್ಲಿಲ್ಲ."

"ಸೋತವ್ರು ಎಲ್ಲಾರೂ ಹಂಗ ಅಂತಾರ್ರೀ."

ಇಬ್ಬರೂ ಅಂಥ ರೇಸನ್ನು ಕಣ್ಣಾರೆ ಕಂಡವರಲ್ಲ. ಬೆಂಗಳೂರಿನ ಆಚೆ ಹಳೆಯ ವಿಮಾನಪಟ್ಟಿಯ ಮೇಲೆ ಒಮ್ಮೆ ಸಣ್ಣದೊಂದು ರೇಸು ನಡೆದಾಗ ಮಾತ್ರ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗಿದ್ದರು. ಬಿಸಿಲಿಗೆ ಸುಟ್ಟು ಕೆಂಪಾಗಿ, ಗಂಟಲು ಕಟ್ಟಿಸಿಕೊಂಡು, ಜಗಳವಾಡುತ್ತಲೇ ವಾಪಸು ಬಂದರು. ಅವತ್ತು ಏಜೆಂಟರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಆಮೇಲೆ ಯಾವತ್ತೂ ಕಾಣಲಿಲ್ಲ.

ಮಾರನೆಯ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ ನಾನು ಎಂದಿನಂತೆ ಪತ್ರಿಕೆ ಬಿಡಿಸಿ ಓದತೊಡಗಿದೆ. ಯೂರೋಪಿನಲ್ಲಿ ಊರೂರಿನ ರಸ್ತೆಗಳ ಮೇಲೇ ನಡೆದ ಒಂದು ದೊಡ್ಡ ರೇಸು. ವೇಗವಾಗಿ ಬರುತ್ತಿದ್ದ ಕಾರಿನ ಟೈರು ಒಡೆದು, ಕಾರು ರಸ್ತೆ ಬದಿಯ ಜನರ ಮೇಲೆ ಹಾರಿತ್ತು. ಓಡಿಸುತ್ತಿದ್ದವನು ಸತ್ತ. ನೋಡುತ್ತ ನಿಂತಿದ್ದವರೂ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಟೈರು ಯಾವ ಕಂಪನಿಯದು ಎಂದು ಕೊನೆಯ ಸಾಲಿನಲ್ಲಿತ್ತು. ಅದು ಎದುರು ಕಂಪನಿಯವರದು.

ಎದುರು ಕಂಪನಿಯವರು ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲೇ ಇಟ್ಟು, ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದರು. ಏಜೆಂಟರು ಎದ್ದು ಅವರ ಹಿಂದೆ ಹೋದರು. ಇಬ್ಬರೂ ಬಚ್ಚಲ ಹತ್ತಿರ ಸುಮ್ಮನೆ ನಿಂತಿದ್ದು ನನಗೆ ಕಾಣುತ್ತಿತ್ತು.

ಒಂದು ವಾರ ಕಳೆಯುವಷ್ಟರಲ್ಲಿ ಏಜೆಂಟರ ಬೆಂಗಳೂರು ಆಫೀಸಿನಿಂದ ಮ್ಯಾನೇಜರು ಬಂದರು. ಈ ಸುದ್ದಿಯನ್ನು ಎಲ್ಲ ಗಿರಾಕಿಗಳ ಕಿವಿಗೂ ಹಾಕಬೇಕು, ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದು ಹೇಳಿ ಹೋದರು. ಏಜೆಂಟರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಗುಬ್ಬಿಯಲ್ಲಿ ಒಬ್ಬ ಬಸ್ ಮಾಲೀಕರಿದ್ದರು. ಆ ಭಾಗದ ಎಷ್ಟೋ ಬಸ್ಸುಗಳು ಅವರವೇ. ಎಲ್ಲಕ್ಕೂ ಎದುರು ಕಂಪನಿಯ ಟೈರು. ಅವರನ್ನು ತಮ್ಮ ಕಡೆಗೆ ಸೆಳೆಯಲು ಏಜೆಂಟರು ವರ್ಷಗಳಿಂದ ತಿಣುಕುತ್ತಿದ್ದರು. ಆ ದಿನ ಹೋದಾಗ ಮಾಲೀಕರು ತಾವಾಗಿಯೇ, "ಏನ್ರೀ, ಪೇಪರ್ನಲ್ಲಿ ಬಂದದ್ದು ನಿಜವಾ?" ಎಂದು ಕೇಳಿದರು. ಏಜೆಂಟರ ಬಾಯಿಂದ ಬಂದದ್ದು ಎರಡೇ ಮಾತು.

"ನಿಜ ಸ್ವಾಮಿ. ಮಕ್ಳೂ ಇದ್ರಂತೆ, ಪಾಪ."

ಆ ಮಾಲೀಕರ ಬಸ್ಸುಗಳಲ್ಲಿ ದಿನಾ ಹಳ್ಳಿಗಳಿಂದ ಶಾಲೆ ಮಕ್ಕಳು ಗುಬ್ಬಿಗೆ ಬರುತ್ತಿದ್ದರು. ಮಾಲೀಕರು ಇನ್ನು ಮುಂದೆ ನಿಮ್ಮ ಟೈರನ್ನೇ ಹಾಕಿಸುತ್ತೇನೆ ಎಂದುಬಿಟ್ಟರು.

ಏಜೆಂಟರು ಆ ಸಂಜೆ ಊಟಕ್ಕೆ ಬಂದಾಗ ಎದುರು ಕಂಪನಿಯವರು ಆಗಲೇ ಕೂತಿದ್ದರು. ಗುಬ್ಬಿಯ ಬಸ್ಸಿನ ಡ್ರೈವರು ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು. ಅವರು ಜಗಳ ಮಾಡಲಿಲ್ಲ. ತಲೆಯೆತ್ತಿ ಇಷ್ಟೇ ಕೇಳಿದರು:

"ನೀವೂ ಹಂಗ ಅಂದ್ರೇನ್ರೀ?"

ಏಜೆಂಟರು ಬಡಿಸಿದ್ದನ್ನು ಮುಟ್ಟದೆ ಎದ್ದು ಹೋದರು.

ಮಾರನೆಯ ದಿನ ಮೊದಲ ಬಸ್ಸಿಗೇ ಮತ್ತೆ ಗುಬ್ಬಿಗೆ ಹೋದರು. ಅಲ್ಲಿ ನಡೆದದ್ದನ್ನು ಅವರೇ ಅಮ್ಮನ ಮುಂದೆ, ನನ್ನ ಮುಂದೆ ಹೇಳಿದರು. ರೇಸಿನ ಟೈರೇ ಬೇರೆ, ಬಸ್ಸಿನ ಟೈರೇ ಬೇರೆ, ಎರಡಕ್ಕೂ ಸಂಬಂಧವಿಲ್ಲ. ಅಲ್ಲಿ ಟೈರು ಯಾಕೆ ಒಡೆಯಿತೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ರಸ್ತೆಯಲ್ಲಿ ಏನಾದರೂ ಕೊರೆದಿರಬಹುದು ಎಂದು ಮಾಲೀಕರಿಗೆ ತಿಳಿಸಿ ಹೇಳಿದರಂತೆ. ಮಾಲೀಕರು ಜೋರಾಗಿ ನಕ್ಕರಂತೆ.

"ಏನ್ ಸ್ವಾಮಿ ನೀವು, ನಿಮ್ಮ ಮಾಲು ಮಾರ್ತಿದೀರೋ ಅವ್ರ ಮಾಲು ಮಾರ್ತಿದೀರೋ? ನಿನ್ನೆ ಒಂದು ಹೇಳ್ತೀರಿ, ಇವತ್ತು ಒಂದು ಹೇಳ್ತೀರಿ. ನಾನು ಮಕ್ಳನ್ನ ಕೂರಿಸ್ಕೊಂಡು ಬಸ್ ಓಡಿಸೋನು. ನಂಗೆ ನಿನ್ನೆ ಮಾತೇ ಸಾಕು, ಹೋಗಿ."

"‘ನಿಜ’ ಅಂದಿದ್ದು ತಪ್ಪಲ್ಲ ಕಣಮ್ಮ" ಎಂದು ಏಜೆಂಟರು ಅಮ್ಮನಿಗೆ ಹೇಳಿದರು. "ಪೇಪರ್ನಲ್ಲೇ ಇತ್ತಲ್ಲ. ಆದ್ರೆ ಆ ‘ಪಾಪ’ ಅಂದೆ ನೋಡಿ, ಅದು ಬೇಕಾಗಿರ್ಲಿಲ್ಲ. ಅದು ಮಾರೋಕೆ ಅಂದಿದ್ದು."

ಎದುರು ಕಂಪನಿಯವರು ಊಟದ ಹೊತ್ತು ಬದಲಿಸಿಕೊಂಡರು. ಇವರು ಬರುವ ಮೊದಲೇ ಬಂದು ಉಂಡು ಹೋಗುತ್ತಿದ್ದರು. ಆ ವರ್ಷವೇ ಸರ್ಕಾರ ಹೊರದೇಶದ ಸಾಮಾನಿಗೆ ಬಿಗಿ ಮಾಡಿತು. ಹಡಗಿನಲ್ಲಿ ಟೈರು ಬರುವುದು ನಿಂತು, ಅವರ ಕಂಪನಿ ಬೆಂಗಳೂರಿನ ಡಿಪೋ ಮುಚ್ಚಿತು. ಗುಬ್ಬಿಯ ಆ ಆರ್ಡರು ಉಳಿದಿದ್ದರೂ ಅವರು ಹೋಗಲೇಬೇಕಿತ್ತು. ಅದನ್ನು ನಾವು ಎಷ್ಟು ಸಲ ಹೇಳಿದರೂ ಏಜೆಂಟರಿಗೆ ಸಮಾಧಾನವಾಗಲಿಲ್ಲ. ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋಗಿ, ಎದುರು ಕಂಪನಿಯವರ ಟ್ರಂಕನ್ನು ತಾವೇ ಬಸ್ಸಿನ ಮೇಲಕ್ಕೆ ಏರಿಸಿದರು. ಅಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದು ನಾನೂ ಹೋಗಿದ್ದೆ. ಎದುರು ಕಂಪನಿಯವರು ಕಿಟಕಿಯಿಂದ ಬಗ್ಗಿ, "ಬರ್ತೇನ್ರೀ. ಇನ್ನ ಪೂರಾ ಜಿಲ್ಲಾ ನಿಮ್ಮದ" ಎಂದು ನಕ್ಕರು. ಬಸ್ಸು ಹೋದ ಮೇಲೂ ಏಜೆಂಟರು ಅಲ್ಲೇ ನಿಂತಿದ್ದರು. ಎದುರಿಗೆ ಇನ್ನೊಂದು ಬಸ್ಸು ಬಂದು ನಿಂತಿತು. ಅದರ ಟೈರನ್ನು ಅವರು ಬಗ್ಗಿ ನೋಡಲಿಲ್ಲ.

ಯೂರೋಪಿನಲ್ಲೂ ಹಾಗೇ ಆಯಿತು. ಒಂದೊಂದೇ ಟೈರ್ ಕಂಪನಿ ದೊಡ್ಡ ರೇಸುಗಳಿಂದ ಹಿಂದೆ ಸರಿಯಿತು. ಕೊನೆಗೆ ಉಳಿದದ್ದು ಏಜೆಂಟರ ಕಂಪನಿ ಒಂದೇ. ಎಲ್ಲ ಕಾರಿಗೂ ಅವರದೇ ಟೈರು. ಬೆಂಗಳೂರಿನಿಂದ ಹಿಂದೆಂದಿಗಿಂತ ದೊಡ್ಡ ಬಣ್ಣಬಣ್ಣದ ಪೋಸ್ಟರುಗಳು ಬಂದವು. ಪ್ರತಿಯೊಂದು ರೇಸಿನಲ್ಲೂ ಗೆದ್ದದ್ದು ನಾವೇ ಎಂದು ಅದರಲ್ಲಿ ಬರೆದಿತ್ತು. ಏಜೆಂಟರು ಅವನ್ನು ಸುರುಳಿ ಬಿಚ್ಚದೆ ಲಾಡ್ಜಿನ ಮೂಲೆಯಲ್ಲಿ ನಿಲ್ಲಿಸಿದರು. ನಾನು ಸುದ್ದಿ ಓದಿ ಹೇಳಿದರೆ ಮೊದಲಿನಂತೆ ಕೇಳುತ್ತಿದ್ದರು. ಆದರೆ ಮಾತು ಮುಂದುವರಿಯುತ್ತಿರಲಿಲ್ಲ. ಒಂದು ದಿನ ನಾನೇ, "ಈ ಸಲವೂ ನಿಮ್ಮದೇ ಗೆದ್ದಿದೆ" ಎಂದು ಸಂತೋಷಪಡಿಸಲು ನೋಡಿದೆ.

"ಮೊದಲು ಬಂದೋನ್ದೂ ನಮ್ಮ ಟೈರೇ, ಕೊನೇಲಿ ಬಂದೋನ್ದೂ ನಮ್ಮ ಟೈರೇ" ಅಂದರು. "ಹಂಗಾದ್ರೆ ಗೆದ್ದೋರು ಯಾರು ಅಮ್ಮಣ್ಣಿ?"

ಎಲೆಯಲ್ಲಿದ್ದ ಅನ್ನವನ್ನು ಸ್ವಲ್ಪ ಹೊತ್ತು ಕಲಸುತ್ತಿದ್ದು ಮತ್ತೆ, "ಬಯ್ಯೋಕಾದ್ರೂ ಒಬ್ರು ಇರ್ಬೇಕು" ಅಂದರು.

ಆ ವರ್ಷವೇ ಅವರು ನನ್ನ ವಿಷಯ ಎತ್ತಿದ್ದು. "ನಿಮ್ಮ ಮಗಳು ಓದಿ ಹೇಳಿದ್ರೆ ನನ್ನಂಥೋನಿಗೂ ತಿಳೀತದೆ. ಇವ್ರನ್ನ ಟೀಚರ್ ಟ್ರೈನಿಂಗಿಗೆ ಕಳ್ಸಿ" ಎಂದು ಅಮ್ಮನಿಗೆ ಹೇಳಿದರು. ಅಮ್ಮ, ಜನ ಏನಂತಾರೋ ಎಂದಳು. "ಜನ ಈಗ ಮಾತ್ರ ಸುಮ್ನಿದಾರಾ?" ಅಂದರು. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಒಪ್ಪಿದಳು. ಟ್ರೈನಿಂಗ್ ಮುಗಿದು ನನಗೆ ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟ ಕಾಣುವ ಒಂದು ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕುಣಿಗಲಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಶನಿವಾರ ತುಮಕೂರಿಗೆ, ಸೋಮವಾರ ವಾಪಸು. ಸಂಜೆ ಆ ಕೋಣೆಯ ಬಾಗಿಲು ಹಾಕಿಕೊಂಡು ಕೂತಾಗ, ಲಾಡ್ಜಿನ ಮಹಡಿಯ ರೂಮು ಹೇಗಿರುತ್ತದೆ ಎಂಬುದು ನನಗೆ ಅರ್ಥವಾಗತೊಡಗಿತು.

ಏಜೆಂಟರು ಕುಣಿಗಲ್ ಕಡೆ ಸುತ್ತು ಬಂದಾಗ ಅಮ್ಮ ಕೊಟ್ಟ ಚಟ್ನಿಪುಡಿ ಡಬ್ಬಿ ತಂದು ಶಾಲೆಯ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಅಮ್ಮಣ್ಣಿ ಎನ್ನುವುದನ್ನು ಬಿಟ್ಟು ಟೀಚರಮ್ಮ ಎನ್ನತೊಡಗಿದ್ದರು. ಒಂದು ದಿನವೂ ನನ್ನ ಕೋಣೆಯ ಕಡೆಗೆ ಬರಲಿಲ್ಲ. ಡಬ್ಬಿ ಕೊಡುವುದು, ಹೊಸ ಪತ್ರಿಕೆಯಲ್ಲಿ ಏನಿದೆ ಎಂದು ಕೇಳುವುದು, ಹೋಗುವುದು.

ಹಾಗೆ ಬಂದ ಒಂದು ಮಧ್ಯಾಹ್ನ, ಅವರು ಕೊಟ್ಟ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಕಂಡಿತು. ಹಿಂದೆ ಆ ಅಪಘಾತವಾಗಿತ್ತಲ್ಲ, ಅದರ ಕೋರ್ಟಿನ ವಿಚಾರಣೆ ಮುಗಿದಿತ್ತು. ತಪ್ಪು ಟೈರಿನದಲ್ಲ, ರಸ್ತೆಯ ಮೇಲಿದ್ದ ಏನೋ ಅದನ್ನು ಕೊರೆದಿರಬೇಕು ಎಂದು ತೀರ್ಮಾನವಾಗಿತ್ತು. ಓದಿ ಹೇಳಿದೆ. ಅವರು ಗೇಟಿನ ಕಂಬಿ ಹಿಡಿದುಕೊಂಡರು.

"ಇನ್ನೊಂದು ಸಲ ಓದಿ ಟೀಚರಮ್ಮ."

ಇನ್ನೊಂದು ಸಲ ಓದಿದೆ.

"ಇದ್ನ ಅವ್ರಿಗೆ ಹೇಳ್ಬೇಕು" ಅಂದರು. "ಬರೆದು ಕಳ್ಸೋ ಮಾತಲ್ಲ ಇದು. ಹೋಗಿ ಹೇಳ್ಬೇಕು."

ಎದುರು ಕಂಪನಿಯವರು ಹುಬ್ಬಳ್ಳಿಯಲ್ಲಿ ಸವೆದ ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿ ಇಟ್ಟಿದ್ದಾರೆಂದು ಲಾರಿ ಡ್ರೈವರುಗಳಿಂದ ತಿಳಿದಿತ್ತು. ಏಜೆಂಟರು ರಜೆ ಹಾಕಿ, ಹೊಸ ಶರ್ಟು ಹೊಲಿಸಿಕೊಂಡು, ಅಮ್ಮನಿಂದ ಹುರಿಗಡಲೆ ಉಂಡೆ ಕಟ್ಟಿಸಿಕೊಂಡು ಹೊರಟರು. ಅವರು ರಜೆ ಹಾಕಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ಅವರು ವಾಪಸು ಬಂದ ಮೇಲೆ ಮುಂದಿನ ಸುತ್ತಿನಲ್ಲಿ ಶಾಲೆಯ ಹತ್ತಿರ ಬಂದರು. ಮಕ್ಕಳು ಮನೆಗೆ ಹೋಗಿದ್ದರು. ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತರು. ನಾನು ಕೇಳುವ ಮೊದಲೇ ಹೇಳತೊಡಗಿದರು.

"ಚೆನ್ನಾಗಿ ನೋಡ್ಕೊಂಡ್ರು ಟೀಚರಮ್ಮ. ಅಂಗಡಿ ದೊಡ್ಡದಾಗಿದೆ. ಹೆಂಡ್ತಿ, ಮಕ್ಳು, ಅಳಿಯ, ಮನೆ ತುಂಬ ಜನ. ರೊಟ್ಟಿ ಊಟ ಹಾಕಿದ್ರು."

"ಸುದ್ದಿ ಹೇಳಿದ್ರಾ?"

"ಹೇಳ್ದೆ. ನಿಮ್ಮ ಟೈರಿಂದು ತಪ್ಪಿಲ್ಲ ಅಂತ ಕೋರ್ಟಲ್ಲೇ ತೀರ್ಮಾನ ಆಯ್ತು ಅಂದೆ. ‘ಯಾವ ಟೈರ್ರೀ?’ ಅಂದ್ರು."

ಕೆಳಗೆ ಬಿದ್ದಿದ್ದ ಒಂದು ಹೊಂಗೆಕಾಯಿ ಎತ್ತಿ ಅತ್ತಿತ್ತ ತಿರುಗಿಸಿದರು.

"ಎಲ್ಲ ಬಿಡಿಸಿ ಹೇಳ್ದೆ. ಆಗ ನೆನಪು ಮಾಡ್ಕೊಂಡ್ರು. ಗುಬ್ಬೀಲಿ ನಾನು ಅಂದ ಮಾತನ್ನೂ ಹೇಳ್ದೆ, ತಪ್ಪಾಯ್ತು ಅಂತಲೂ ಅಂದೆ. ನಕ್ಕುಬುಟ್ರು. ‘ಅದನ್ನ ಇನ್ನೂ ತಲಿಯೊಳಗ ಇಟ್ಕೊಂಡೀರೇನ್ರೀ? ಯಾಪಾರದಾಗ ಇರೋದ ಅದು. ನಾನೂ ನಿಮ್ಮ ಟೈರ್ ಬಗ್ಗೆ ಏನೇನು ಅಂದೇನೋ’ ಅಂದ್ರು. ಅಷ್ಟೊತ್ಗೆ ಯಾರೋ ಗಿರಾಕಿ ಬಂದ್ರು, ಎದ್ದೋದ್ರು."

"ಒಳ್ಳೇದೇ ಆಯ್ತಲ್ಲ. ಅವ್ರ ಮನಸ್ಸಿನಲ್ಲಿ ಏನೂ ಇಲ್ವಲ್ಲ" ಅಂದೆ.

"ಏನೂ ಇಲ್ಲ" ಅಂದರು. "ಕೋಪ ಇದ್ದಿದ್ರೆ ಕ್ಷಮಿಸಿ ಅನ್ಬೋದಿತ್ತು. ನಮ್ಮ ಮೆಸ್ಸು, ನಮ್ಮ ಜಗಳ, ನೀವು ಓದ್ತಿದ್ದದ್ದು, ಯಾವ್ದೂ ಇಲ್ಲ ಅವ್ರಿಗೆ. ತುಮಕೂರಲ್ಲಿ ಸೊಳ್ಳೆ ಜಾಸ್ತಿ ಅನ್ನೋದು ನೆನಪಿತ್ತು."

ಎದುರು ಕಂಪನಿಯವರಿಗೆ ಹೆಂಡತಿ ಮಕ್ಕಳ ಮನೆಯಿತ್ತು, ತುಮಕೂರು ನಡುವೆ ಬಂದ ಒಂದು ಲಾಡ್ಜು. ಇವರಿಗೆ ಇದ್ದದ್ದೇ ಅದು. ಇದು ನನಗೆ ಹೊಳೆಯಿತು, ಆದರೆ ಹೇಳುವಂಥ ಮಾತಾಗಿರಲಿಲ್ಲ. ಬಸ್ಸು ಬರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.

ಅರವತ್ತರ ದಶಕದ ನಡುವೆ ಅಮೆರಿಕದ ಒಂದು ಟೈರ್ ಕಂಪನಿ ಆ ದೊಡ್ಡ ರೇಸುಗಳಿಗೆ ಇಳಿಯಿತು. ಅಗಲವಾದ, ಹೊಸ ನಮೂನೆಯ ಟೈರು. ಏಜೆಂಟರ ಕಂಪನಿಗೆ ಮತ್ತೆ ಎದುರಾಳಿ ಹುಟ್ಟಿದ. ನಾನು ಸುದ್ದಿ ಓದಿದಾಗ ಎಷ್ಟೋ ವರ್ಷಗಳ ಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಕಂಪನಿಯ ಟೈರು ಮಾರುವ ಹುಡುಗನೊಬ್ಬ ತುಮಕೂರಿಗೂ ಬಂದ. ಏಜೆಂಟರು ತಾವೇ ಹುಡುಕಿಕೊಂಡು ಹೋಗಿ ಮಾತಾಡಿಸಿ, ಬಲವಂತ ಮಾಡಿ ನಮ್ಮ ಮೆಸ್ಸಿಗೆ ಕರೆತಂದರು. ಶನಿವಾರವಾದ್ದರಿಂದ ನಾನೂ ಇದ್ದೆ.

"ಹೋದ ತಿಂಗಳು ನಿಮ್ಮೋರು ಚೆನ್ನಾಗಿ ಓಡಿಸಿದ್ರು ಕಣಪ್ಪ" ಎಂದು ಏಜೆಂಟರು ಮಾತು ತೆಗೆದರು. "ಆದ್ರೆ ಮಳೇಲಿ ನಮ್ಮ ಟೈರೇ."

"ಯಾವ ಮಳೆ ಸಾರ್?"

"ರೇಸಲ್ಲಿ ಕಣಪ್ಪ."

"ಓ, ಅದಾ? ಅದೆಲ್ಲ ನಂಗೊತ್ತಿಲ್ಲ ಸಾರ್. ಫುಟ್ಬಾಲ್ ನೋಡ್ತೀನಿ ನಾನು" ಎಂದ ಆ ಹುಡುಗ. ಒಳ್ಳೆಯವನೇ. ಗಡಿಯಾರ ನೋಡಿಕೊಂಡು ಬೇಗ ಬೇಗ ಉಂಡು, ಮೋಟಾರ್ ಬೈಕು ಹತ್ತಿ ಬೆಂಗಳೂರಿಗೆ ಹೊರಟ. ದಿನಾ ಹಾಗೇ ಬಂದು ಹಾಗೇ ಹೋಗುವವನು. ಮತ್ತೆ ಊಟಕ್ಕೆ ಬರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಏಜೆಂಟರು ಕಾಯಿಲೆ ಬಿದ್ದರು. ಮೊದಲು ಕೆಮ್ಮು ಎಂದರು, ಆಮೇಲೆ ಶ್ವಾಸಕೋಶ ಎಂದರು. ಲಾಡ್ಜಿನವನು ಬಂದು ಹೇಳಿದಾಗ ಅಮ್ಮನೇ ಜಟಕಾ ತರಿಸಿ ಜಿಲ್ಲಾ ಆಸ್ಪತ್ರೆಗೆ ಸೇರಿಸಿದಳು. ಸುದ್ದಿ ತಿಳಿದು ನಾನು ಕುಣಿಗಲಿನಿಂದ ಓಡಿಬಂದೆ. ಸಾಲು ಮಂಚಗಳ ನಡುವೆ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದರು. ಬೇರೆ ಮಂಚಗಳ ಸುತ್ತ ನೆಂಟರು, ಫ್ಲಾಸ್ಕು, ಬುತ್ತಿ, ಅಳುವ ಮಕ್ಕಳು. ಇವರ ಮಂಚದ ಕೆಳಗೆ ಚಪ್ಪಲಿ ಮಾತ್ರ ಇತ್ತು.

ನರ್ಸಮ್ಮ ಬಂದು, ರೋಗಿಯ ಕಡೆಯವರು ಯಾರಾದರೂ ಇದ್ದರೆ ಮಾತ್ರ ರಾತ್ರಿ ಇರಬಹುದು, ಬೇರೆಯವರು ಹೊರಗೆ ಹೋಗಬೇಕು ಎಂದಳು. ನನ್ನನ್ನು ನೋಡಿ ಕೇಳಿದಳು:

"ಇವ್ರಿಗೆ ನೀವೇನಾಗ್ಬೇಕಮ್ಮ?"

ನಮ್ಮ ಮೆಸ್ಸಿನಲ್ಲಿ ಊಟ ಮಾಡುವವರು ಎಂದರೆ ಹೊರಗೆ ಕಳಿಸುತ್ತಾರೆ. ಅದು ಸುಳ್ಳೂ ಆಗುತ್ತದೆ. ಮಂಚದ ಮೇಲಿಂದ ಅವರು ನನ್ನನ್ನೇ ನೋಡುತ್ತಿದ್ದರು, ಇವರನ್ನು ಕಷ್ಟಕ್ಕೆ ಸಿಕ್ಕಿಸಿದೆನಲ್ಲ ಎನ್ನುವ ಹಾಗೆ. ಹೋಗಿ ಎಂದು ಕೈಸನ್ನೆ ಮಾಡಿದರು.

"ತಂಗಿ" ಅಂದೆ. "ನಾನು ಇವ್ರ ತಂಗಿ."

ನರ್ಸಮ್ಮ ಸ್ಟೂಲು ತೋರಿಸಿ ಹೋದಳು. ಅವರು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಆಮೇಲೆ ನೀರು ಬೇಕೆಂದರು. ಕುಡಿಸಿದೆ. "ಇಸ್ಕೂಲು?" ಎಂದು ಕೇಳಿದರು. ರಜೆ ಹಾಕಿದ್ದೇನೆ ಎಂದೆ. "ಮಕ್ಳು ಕಾಯ್ತಾ ಇರ್ತವೆ ಕಣವ್ವಾ" ಅಂದರು. ಅವರು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ. ಮಾರನೆಯ ದಿನ ಬೆಳಗ್ಗೆ, ನಾನು ಮುಖ ತೊಳೆದು ಬರುವಷ್ಟರಲ್ಲಿ, ಹೋಗಿಬಿಟ್ಟಿದ್ದರು.

ಬಸ್ಸಿನ ಡ್ರೈವರುಗಳು, ಒಂದಿಬ್ಬರು ಮೆಕ್ಯಾನಿಕ್ಕುಗಳು, ಲಾಡ್ಜಿನವನು, ಇವರೇ ಸೇರಿ ಎಲ್ಲವನ್ನೂ ಮಾಡಿದರು. ಬೈಕಿನ ಹುಡುಗ ಕೂಡ ಬಂದಿದ್ದ, ಹೆಗಲು ಕೊಟ್ಟ. ಬೆಂಗಳೂರಿನ ಆಫೀಸಿನಿಂದ ಒಂದು ಹೂವಿನ ಹಾರ ಬಂದಿತ್ತು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಅಡುಗೆಮನೆಗೆ ಹೋಗಲು ಹೊರಟೆ. ಅಮ್ಮ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಎಲ್ಲಿಗೆ ಬರ್ತೀಯೇ? ಆಸ್ಪತ್ರೇಲಿ ತಂಗಿ ಅಂತ ಬಾಯಿ ಬಿಟ್ಟು ಹೇಳಿದ್ಯಂತಲ್ಲ. ಹೇಳಿದ್ಮೇಲೆ ಸೂತಕ ಹಿಡೀಬೇಕು. ಅವ್ರಿಗೆ ಹಿಡಿಯೋರು ಇನ್ಯಾರಿದಾರೆ?"

ನಾನು ನಡುಮನೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತೆ. ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳಿಗೆ ಮೂರು ದಿನ ಎಂದು ನಮ್ಮಲ್ಲಿ ಲೆಕ್ಕ. ಆ ಮೂರು ದಿನವೂ ಅಮ್ಮ ನನ್ನನ್ನು ಮುಟ್ಟಲಿಲ್ಲ, ದೂರದಿಂದಲೇ ಬಡಿಸಿದಳು. ಊಟದವರು ಬಂದು ಉಂಡು ಹೋದರು. ಗಂಡ ಸತ್ತಾಗ ನಾನು ಅತ್ತಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಆಗ ಸುತ್ತಲಿನವರೇ ಅಷ್ಟು ಅಳುತ್ತಿದ್ದರು. ಈಗ ಯಾರೂ ಅಳುವವರಿರಲಿಲ್ಲ. ನಾನೊಬ್ಬಳೇ ಕೂತು, ಯಾರ ಎದುರಿಗೂ ಅಲ್ಲದೆ, ಬೇಕಾದಷ್ಟು ಅತ್ತೆ.

ಸೂತಕ ಕಳೆದು ಕುಣಿಗಲಿಗೆ ಹೋದೆ. ಹೆಡ್ಮಾಸ್ಟರು ರಜೆಯ ಅರ್ಜಿ ನೋಡುತ್ತ, "ಸೂತಕ ಅಂತ ಬರ್ದಿದೀರಲ್ಲಮ್ಮ, ಯಾರು ಹೋದ್ರು?" ಎಂದು ಕೇಳಿದರು.

"ನಮ್ಮಣ್ಣ" ಅಂದೆ. ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದೆ.